ರಾತ್ರಿ ಉಳಿದ ಅನ್ನ, ಬೆಳಗಿನ ಚಿತ್ರಾನ್ನ

ರಾತ್ರಿ ಅನ್ನ ಉಳಿದಿದೆಯಾ? ಬೆಳಗಿನ ಚಿತ್ರಾನ್ನಕ್ಕೆ ಅದೇ ಒಳ್ಳೇದು. ಫ್ರಿಜ್‌ನಲ್ಲಿ ತಣ್ಣಗಾದಾಗ ಅನ್ನದ ಪಿಷ್ಟ ಗಟ್ಟಿಯಾಗುತ್ತೆ, ಅಗುಳು ಉದುರುದುರಾಗಿ ನಿಲ್ಲುತ್ತೆ. ಮತ್ತೆ ಕುಕ್ಕರ್ ಇಡೋ ಕೆಲಸ ಇಲ್ಲ, ಗ್ಯಾಸೂ ಉಳೀತು. ಸಾಸಿವೆ, ಕಡ್ಲೆಬೇಳೆ, ಶೇಂಗಾ, ಹಸಿಮೆಣಸಿನಕಾಯಿ ಒಗ್ಗರಣೆಗೆ ಅರಿಶಿನ, ಉಪ್ಪು, ಅನ್ನ ಹಾಕಿ ಹಬೆಯಾಡೋವರೆಗೆ ಬಿಸಿ ಮಾಡಿ. ನಿಂಬೆರಸ ಮಾತ್ರ ಒಲೆ ಆರಿಸಿದ ಮೇಲೆ.

ಆದ್ರೆ ದಯವಿಟ್ಟು ಅನ್ನವನ್ನ ರಾತ್ರಿಯಿಡೀ ಕಟ್ಟೆ ಮೇಲೆ ಬಿಡಬೇಡಿ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದ್ರೂ ಉಳಿದುಬಿಡ್ತವೆ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಟ್ರೆ, ಆಮೇಲೆ ಎಷ್ಟು ಬಿಸಿ ಮಾಡಿದ್ರೂ ಹೋಗಲ್ಲ. ಊಟ ಮುಗಿದ ತಕ್ಷಣ ಅಗಲ ತಟ್ಟೆಗೆ ಹರಡಿ ಆರಿಸಿ, 2 ಗಂಟೆಯೊಳಗೆ ಮುಚ್ಚಿ ಫ್ರಿಜ್‌ಗೆ ಇಡಿ.

ಇಡ್ಲಿ ಉಳಿದಿದ್ರೆ? ಪುಡಿ ಮಾಡಿ, ಮರುದಿನ ಇಡ್ಲಿ ಉಪ್ಪಿಟ್ಟು.