ಮೂಳೆಯ ಹಾರ್ಮೋನು ಲಿವರಿಗೆ ಮದ್ದೇ?

ಮೂಳೆಯೆಂದರೆ ಮೈಯನ್ನು ಎತ್ತಿ ನಿಲ್ಲಿಸುವ ಚೌಕಟ್ಟು ಮಾತ್ರ ಎಂಬ ನಂಬಿಕೆಯನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜೆರಾರ್ಡ್ ಕಾರ್ಸೆಂಟಿ ತಂಡ 2007ರಲ್ಲಿ ಅಲುಗಾಡಿಸಿತು. ಮೂಳೆ ಕಟ್ಟುವ ಜೀವಕೋಶಗಳು ತಯಾರಿಸುವ ಆಸ್ಟಿಯೋಕ್ಯಾಲ್ಸಿನ್ ಎಂಬ ಪ್ರೋಟೀನು ಇಲ್ಲದ ಇಲಿಗಳಲ್ಲಿ ಕೊಬ್ಬು ಕೂಡಿತು, ಇನ್ಸುಲಿನ್ ಸಾಲದಾಯಿತು, ರಕ್ತದ ಸಕ್ಕರೆ ಹತೋಟಿ ತಪ್ಪಿತು. ಮುಂದೆ ಕೊಬ್ಬಿನ ಆಹಾರ ತಿನ್ನಿಸಿದ ಇಲಿಗಳಿಗೆ ದಿನವೂ ಆಸ್ಟಿಯೋಕ್ಯಾಲ್ಸಿನ್ ಚುಚ್ಚಿದಾಗ ಅವುಗಳ ಲಿವರ್ ಕೊಬ್ಬಿನಿಂದ ಪಾರಾಯಿತು. ಫ್ಯಾಟಿ ಲಿವರ್ ಇರುವ ಮನುಷ್ಯರ ರಕ್ತದಲ್ಲೂ ಈ ಪ್ರೋಟೀನು ಕಡಿಮೆಯೆಂದು ಹಲವು ಸಮೀಕ್ಷೆಗಳು ಹೇಳಿದವು. ಅಲ್ಲಿಂದ ‘ಮೂಳೆಯ ಹಾರ್ಮೋನು ಹೆಚ್ಚಿಸಿ, ಲಿವರ್ ಉಳಿಸಿ’ ಎಂಬ ಘೋಷಣೆಗೆ ಒಂದೇ ಹೆಜ್ಜೆ. ಆ ಹೆಜ್ಜೆಗೆ ಆಧಾರ ಸಾಲದು ಎಂಬುದು ನನ್ನ ವಾದ.

ಎರಡು ಸಂಗತಿಗಳು ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಟೈಪ್ 2 ಮಧುಮೇಹದಲ್ಲಿ ಮೂಳೆ ಸವೆದು ಮತ್ತೆ ಕಟ್ಟಿಕೊಳ್ಳುವ ವೇಗವೇ ತಗ್ಗುತ್ತದೆ, ಆಸ್ಟಿಯೋಕ್ಯಾಲ್ಸಿನ್ ಕೂಡ ಇಳಿಯುತ್ತದೆ. ಫ್ಯಾಟಿ ಲಿವರ್ ಬಹುಪಾಲು ಇದೇ ಮಧುಮೇಹ, ಬೊಜ್ಜುಗಳ ಬೆನ್ನಿಗೇ ಬರುವುದರಿಂದ, ಆ ಇಳಿಕೆ ರೋಗದ ಫಲವಾಗಿರಬಹುದು, ಕಾರಣವಲ್ಲ. ಇದನ್ನು ಒರೆಗೆ ಹಚ್ಚಲು ಒಂದು ಒಳ್ಳೆಯ ದಾರಿಯಿದೆ. ಮೂಳೆ ಟೊಳ್ಳಾಗುವುದಕ್ಕೆ ಕೊಡುವ ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಮ್ಲ, ಡೆನೊಸುಮ್ಯಾಬ್ ಔಷಧಿಗಳು ಮೂಳೆಯ ಸವೆತವನ್ನು ತಡೆಯುವಾಗ ಆಸ್ಟಿಯೋಕ್ಯಾಲ್ಸಿನನ್ನೂ ತಗ್ಗಿಸುತ್ತವೆ. ಆಸ್ಟಿಯೋಕ್ಯಾಲ್ಸಿನ್ ಹಾರ್ಮೋನಿನಂತೆ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆಂಬ ವಾದ ಮನುಷ್ಯರಿಗೂ ಸರಿಯಾದರೆ ಇವನ್ನು ತೆಗೆದುಕೊಂಡವರಲ್ಲಿ ಮಧುಮೇಹ ಹೆಚ್ಚಬೇಕಿತ್ತು. ಈ ಮೂರೂ ಔಷಧಿಗಳ ದೊಡ್ಡ ಪ್ರಯೋಗಗಳನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹಾಗೆ ಆಗಿದ್ದು ಕಾಣಲಿಲ್ಲ. ಇಲಿಯ ಫಲಿತಾಂಶಕ್ಕಿಂತ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಇಲಿಗಳ ಸಾಕ್ಷಿಯೂ ಈಗ ಒಂದೇ ಧ್ವನಿಯಲ್ಲಿಲ್ಲ: 2020ರಲ್ಲಿ ಎರಡು ಬೇರೆ ತಂಡಗಳು ಆಸ್ಟಿಯೋಕ್ಯಾಲ್ಸಿನಿನ ಜೀನ್ ತೆಗೆದ ಹೊಸ ಇಲಿಗಳನ್ನು ಸಿದ್ಧಪಡಿಸಿದಾಗ ಸಕ್ಕರೆಯ ಏರುಪೇರು ಸಿಗಲಿಲ್ಲ.

ಇಲಿಗಳ ತಳಿ, ಆಹಾರ ಬೇರೆಯಿದ್ದರೆ ಫಲ ಬದಲಾಗುತ್ತದೆ ಎಂದು ಹಾರ್ಮೋನಿನ ಪಕ್ಷದವರು ಹೇಳುತ್ತಾರೆ. ಅದು ನ್ಯಾಯವೇ. ಆದರೆ ತಳಿ ಬದಲಾದರೆ ಮಾಯವಾಗುವ ಪರಿಣಾಮವನ್ನು ನಂಬಿ ರೋಗಿಗೆ ಮದ್ದು ಕೊಡಲಾಗದು. ವ್ಯಾಯಾಮದಿಂದ ಆಸ್ಟಿಯೋಕ್ಯಾಲ್ಸಿನ್ ಏರುತ್ತದೆ, ಲಿವರಿನ ಕೊಬ್ಬೂ ಇಳಿಯುತ್ತದೆ ಎಂಬುದು ಇನ್ನೊಂದು ವಾದ. ಸ್ನಾಯು ಸಕ್ಕರೆಯನ್ನು ಹೆಚ್ಚು ಎಳೆದುಕೊಂಡರೂ ಲಿವರಿನ ಹೊರೆ ಇಳಿಯುತ್ತದಲ್ಲ; ಎಲ್ಲ ಶ್ರೇಯಸ್ಸನ್ನೂ ಮೂಳೆಗೇ ಕಟ್ಟುವುದೇಕೆ? ಹಾಗೆಂದು ಮೂಳೆಯನ್ನು ಮೂಕವೆನ್ನಲೂ ಆಗದು. ಮೂತ್ರಪಿಂಡ ಎಷ್ಟು ಫಾಸ್ಫೇಟ್ ಹೊರಹಾಕಬೇಕೆಂಬುದನ್ನು ಮೂಳೆಯಿಂದ ಬರುವ ಎಫ್‌ಜಿಎಫ್ 23 ಎಂಬ ಹಾರ್ಮೋನು ನಿಯಂತ್ರಿಸುತ್ತದೆ ಎಂಬುದರಲ್ಲಿ ಸಂಶಯವಿಲ್ಲ.

ವಿಟಮಿನ್ ಕೆ ಮಾತ್ರೆಗಳನ್ನು ಮೂಳೆಗೂ ಸಕ್ಕರೆಗೂ ಒಳ್ಳೆಯದೆಂದು ಮಾರುವವರಿದ್ದಾರೆ. ತಮಾಷೆಯೆಂದರೆ, ಕಾರ್ಸೆಂಟಿಯವರ ಪ್ರಕಾರ ಹಾರ್ಮೋನಾಗಿ ಕೆಲಸ ಮಾಡುವುದು ವಿಟಮಿನ್ ಕೆ ಬದಲಿಸದೆ ಬಿಟ್ಟ ಆಸ್ಟಿಯೋಕ್ಯಾಲ್ಸಿನ್. ಲಿವರಿನ ವಿಷಯದಲ್ಲಿ ಗಟ್ಟಿ ಸಾಕ್ಷಿ ಇರುವುದು ತೂಕ ಇಳಿಸುವುದಕ್ಕೆ: ಬೊಜ್ಜಿರುವವರು ಶೇ 7ರಿಂದ 10ರಷ್ಟು ತೂಕ ಕಳೆದುಕೊಂಡರೆ ಉರಿಯೂತವೂ ತಗ್ಗುತ್ತದೆ. ಫ್ಯಾಟಿ ಲಿವರ್ ಎಂದು ವರದಿ ಬಂದವರು ಆಸ್ಟಿಯೋಕ್ಯಾಲ್ಸಿನ್ ಪರೀಕ್ಷೆಗೆ ಹಣ ಸುರಿಯುವ ಬದಲು, ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕರಿಂದ ಲೆಕ್ಕ ಹಾಕುವ, ಲಿವರ್ ಎಷ್ಟು ಗಡುಸಾಗಿರಬಹುದೆಂದು ಅಂದಾಜಿಸುವ ಫಿಬ್-4 ಅಂಕ ತಮ್ಮದೆಷ್ಟು ಎಂದು ವೈದ್ಯರನ್ನು ಕೇಳಲಿ.