ಸ್ವಂತ ಉದ್ಯೋಗ: ಸಾಲಕ್ಕೆ ಮೊದಲು ಲೆಕ್ಕ

ಗಲ್ಫ್ ದೇಶಗಳಿಂದ ಮರಳಿದವರು, ಮಕ್ಕಳು ಶಾಲೆಗೆ ಹೋದ ಮೇಲೆ ಹಗಲಿನ ಹೊತ್ತು ಬಿಡುವಾಗುವ ತಾಯಂದಿರು, ಓದು ಮುಗಿಸಿ ಕೆಲಸ ಹುಡುಕುತ್ತಿರುವ ಯುವಕರು, ಹೀಗೆ ಸ್ವಂತವಾಗಿ ಏನಾದರೂ ಮಾಡಬೇಕೆಂದು ಯೋಚಿಸುವವರು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ. ಇವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಒಂದೇ: "ಸಾಲ ಎಲ್ಲಿ ಸಿಗುತ್ತದೆ?" ಇದನ್ನು ಕೊನೆಗೆ ಕೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಲೆಕ್ಕ ಹಾಕದೆ ಸಾಲಕ್ಕೆ ಹೊರಟರೆ ಬ್ಯಾಂಕಿಗೆ ಹೋಗುವುದು ಮನೆಯ ಬಂಗಾರ. ವ್ಯಾಪಾರ ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ಮಾತು ಸ್ಪಷ್ಟವಾಗಲು ನಮಗೆಲ್ಲ ಪರಿಚಿತವಾದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಕ್ರಿಸ್ಮಸ್ ಕಾಲದಲ್ಲಿ ಕುಸ್ವಾರ್ ಮಾಡಿ ಮಾರುವ ಕುಟುಂಬ, ವರ್ಷವಿಡೀ ಚಕ್ಕುಲಿ ಮಾಡಿ ಅಂಗಡಿಗಳಿಗೆ ಕೊಡಲು ನಿರ್ಧರಿಸುತ್ತದೆ ಎಂದಿಟ್ಟುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ಹಿಡಿದ ಅಂದಾಜು ಮಾತ್ರ. ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಬೇಕು.

1. ಅಸಲು ಎಷ್ಟು?

10 ಕಿಲೋ ಚಕ್ಕುಲಿಗೆ ಅಕ್ಕಿಹಿಟ್ಟು, ಉದ್ದು, ಬೆಣ್ಣೆ, ಎಳ್ಳು, ಎಣ್ಣೆ ಎಲ್ಲ ಸೇರಿ 1,500 ರೂಪಾಯಿ ಆಗುತ್ತದೆ ಎನ್ನೋಣ. ಕಿಲೋಗೆ 150 ಬಿತ್ತು, 350ಕ್ಕೆ ಮಾರಿದರೆ 200 ಲಾಭ ಎಂದು ಹಲವರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ತಪ್ಪುವುದು ಇಲ್ಲಿಯೇ.

ಇದರ ಮೇಲೆ ಗ್ಯಾಸ್ 250, ಪ್ಯಾಕಿಂಗ್ 150, ಅಂಗಡಿಗೆ ತಲುಪಿಸುವ ಖರ್ಚು 200, ಮುರಿದದ್ದು ಕರಿದುಹೋದದ್ದಕ್ಕೆ 100 ಸೇರಿಸಬೇಕು. ಇಬ್ಬರ ಅರ್ಧ ದಿನದ ದುಡಿಮೆಗೆ 700 ಹಿಡಿಯಬೇಕು. ದುಡಿಯುವವರು ಮನೆಯವರೇ ಆದರೂ ಈ ಕೂಲಿಯನ್ನು ಬಿಡಬಾರದು. ಅಮ್ಮನ ದುಡಿಮೆಗೆ ಬೆಲೆ ಹಾಕದೆ ತೋರಿಸುವ ಲಾಭ ಲಾಭವಲ್ಲ. ನಾಳೆ ಅವರಿಗೆ ಹುಷಾರು ತಪ್ಪಿ ಹೊರಗಿನವರನ್ನು ಕರೆದರೆ ಅಂದೇ ನಷ್ಟ ಶುರುವಾಗುತ್ತದೆ.

ಒಟ್ಟು 2,900. ಅಂದರೆ ಕಿಲೋಗೆ ಅಸಲು 290. ಅಂಗಡಿಯವರು ಶೇಕಡಾ 20 ಕಮಿಷನ್ ಹಿಡಿದರೆ 350ರಲ್ಲಿ ನಿಮ್ಮ ಕೈಗೆ ಬರುವುದು 280. ಲಾಭವೆಂದು ತಿಳಿದ ವ್ಯಾಪಾರದಲ್ಲಿ ಕಿಲೋಗೆ 10 ರೂಪಾಯಿ ನಷ್ಟ! ಮಾರಾಟ ಹೆಚ್ಚಾದಷ್ಟೂ ನಷ್ಟವೂ ಹೆಚ್ಚು. ಬೆಲೆ 400 ಇಟ್ಟರೆ ಕಮಿಷನ್ ಕಳೆದು 320 ಸಿಗುತ್ತದೆ, 30 ಉಳಿಯುತ್ತದೆ. 400ಕ್ಕೆ ಜನ ಕೊಳ್ಳುತ್ತಾರೆಯೇ? ಒಂದು ಹಬ್ಬದ ಕಾಲದಲ್ಲಿ, ಮನೆಯ ಪಾತ್ರೆ ಒಲೆಯಲ್ಲೇ ಮಾಡಿ, ಪರಿಚಯವಿಲ್ಲದ ನಾಲ್ಕಾರು ಅಂಗಡಿಗಳಲ್ಲಿ ಇಟ್ಟು ನೋಡಿ ತಿಳಿಯಬೇಕು. ನೆಂಟರ ಹೊಗಳಿಕೆ ನಂಬಿ ಯಂತ್ರ ಖರೀದಿಸಬಾರದು.

2. ಉದ್ರಿ ಎಷ್ಟು ದಿನ?

ಬೆಲೆ ಸರಿಯಿದ್ದರೂ ಕೈಕಚ್ಚುವ ಎರಡನೆಯ ವಿಷಯ ಉದ್ರಿ. ವಾರಕ್ಕೆ 50 ಕಿಲೋ ಕೊಡುತ್ತೀರಿ, ಹಣ ಆರು ವಾರದ ನಂತರ ಬರುತ್ತದೆ ಎನ್ನೋಣ. ಮನೆಯವರ ಕೂಲಿ ಬಿಟ್ಟರೂ ಕಿಲೋಗೆ 220ರಂತೆ ವಾರಕ್ಕೆ 11,000 ರೂಪಾಯಿ ಕೈಯಿಂದ ಹೋಗುತ್ತದೆ. ಮೊದಲ ವಾರದ ಹಣ ಬರುವ ಹೊತ್ತಿಗೆ 66,000 ರೂಪಾಯಿ ಅಂಗಡಿಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಪುಸ್ತಕದಲ್ಲಿ ಲಾಭವಿದೆ, ಆದರೆ ಹಿಟ್ಟು ಬೆಣ್ಣೆ ತರಲು ಹಣವಿಲ್ಲ. ಬಳೆಗಳು ಅಡವಿಗೆ ಹೋಗುವುದು ಸಾಮಾನ್ಯವಾಗಿ ಈ ಘಟ್ಟದಲ್ಲೇ.

ಅದೇ ಅಂಗಡಿಗಳು ಎರಡು ವಾರಕ್ಕೊಮ್ಮೆ ಹಣ ಕೊಟ್ಟರೆ 22,000 ಸಾಕು. ಆದ್ದರಿಂದ ಎಷ್ಟು ಸಾಲ ಬೇಕು ಎಂಬುದನ್ನು ಬ್ಯಾಂಕು ಹೇಳುವುದಿಲ್ಲ, ನಿಮ್ಮ ಗಿರಾಕಿ ಹಣ ಕೊಡುವ ದಿನ ಹೇಳುತ್ತದೆ. ಮೊದಲ ದಿನವೇ ಅಂಗಡಿಯವರೊಂದಿಗೆ ಮಾತಾಡಿ, ಮಾಲು ಕೊಟ್ಟ ತಾರೀಖು ಮತ್ತು ಹಣದ ದಿನವನ್ನು ಬಿಲ್ಲಿನಲ್ಲಿ ಬರೆದು ಸಹಿ ಪಡೆಯಿರಿ. ಹಿಂದಿನ ಬಾಕಿ ಬಾರದೆ ಮುಂದಿನ ಮಾಲು ಕೊಡದಿರಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಸಣ್ಣ ಉತ್ಪಾದಕರಿಗೆ ಕೊಳ್ಳುವವರು ಬರಹದ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ತಡಮಾಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಈ ಹಕ್ಕು ತಿಳಿದಿದ್ದರೆ ಮಾತಿಗೆ ಬಲ ಬರುತ್ತದೆ.

3. ಮನೆಯ ಹಣ ಬೇರೆ, ವ್ಯಾಪಾರದ ಹಣ ಬೇರೆ

ಮಾರಾಟದ ದುಡ್ಡಿನಿಂದ ಮೀನು ತರುವುದು, ಮನೆಯ ದುಡ್ಡಿನಿಂದ ಎಣ್ಣೆ ತರುವುದು ನಡೆದರೆ ಲಾಭವೋ ನಷ್ಟವೋ ಯಾರಿಗೂ ತಿಳಿಯದು. ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆ ತೆರೆಯಿರಿ. ಗಿರಾಕಿಗಳಿಗೆ ತೋರಿಸುವ ಕ್ಯೂಆರ್ ಕೋಡ್ ಆ ಖಾತೆಯದೇ ಆಗಿರಲಿ. ತಿಂಗಳಿಗೊಮ್ಮೆ ನಿಮ್ಮ ಕೂಲಿಯನ್ನು ಸಂಬಳದಂತೆ ತೆಗೆದು ಮನೆಗೆ ಕೊಡಿ. ನಡುವೆ ಕೈಹಾಕಬೇಡಿ.

2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯು ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದ್ದು ಓದುಗರಿಗೆ ನೆನಪಿರಬಹುದು. ಇಂಥ ಸಂದರ್ಭದಲ್ಲಿ ಮಗ ವಿದೇಶದಿಂದ ಕಳುಹಿಸಿದ ಹಣವೂ ಮಾರಾಟದ ಹಣವೂ ಒಂದೇ ಖಾತೆಯಲ್ಲಿದ್ದರೆ ಬಿಡಿಸಿ ತೋರಿಸುವುದು ಬಹಳ ಕಷ್ಟ.

ಲೆಕ್ಕಕ್ಕೆ ಕಂಪ್ಯೂಟರ್ ಬೇಕಿಲ್ಲ. ಒಂದು ನೋಟು ಪುಸ್ತಕದಲ್ಲಿ ದಿನವೂ ಮೂರು ವಿಷಯ ಬರೆಯಿರಿ: ಬಂದದ್ದು, ಹೋದದ್ದು, ಯಾರಿಂದ ಬರಬೇಕಾದದ್ದು. ಹತ್ತು ನಿಮಿಷದ ಕೆಲಸ.

4. ಕಾಗದಪತ್ರಗಳು

ಆಹಾರ ಪದಾರ್ಥ ಮಾರುವವರು ಎಷ್ಟೇ ಚಿಕ್ಕವರಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಪೊಟ್ಟಣದ ಮೇಲೆ ಆ 14 ಅಂಕಿಗಳ ಸಂಖ್ಯೆ, ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಗರಿಷ್ಠ ಬೆಲೆ, ತಯಾರಕರ ವಿಳಾಸ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಪಂಚಾಯತ್ ಅಥವಾ ನಗರಾಡಳಿತದ ಪರವಾನಗಿ ಬೇಕೇ ಎಂದು ಅಲ್ಲಿಯೇ ವಿಚಾರಿಸಿ.

2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಸರಕಾರದ ಜಾಲತಾಣದಲ್ಲಿ ನೀವೇ ಮಾಡಬಹುದು. ಅದೇ ಹೆಸರಿನಂತೆ ಕಾಣುವ ಖಾಸಗಿ ತಾಣಗಳು ಶುಲ್ಕ ಕೇಳುತ್ತವೆ, ಎಚ್ಚರ.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ಮೀರುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ಹೊರರಾಜ್ಯಕ್ಕೆ ಮಾರುವವರಿಗೆ ಈ ಮಿತಿ ಅನ್ವಯಿಸದು. ಮುಂಬಯಿಯ ನಮ್ಮವರಿಂದ ಕುಸ್ವಾರ್ ಆರ್ಡರ್ ಪಡೆಯುವವರು ಮೊದಲೇ ಲೆಕ್ಕಪರಿಶೋಧಕರನ್ನು ಕೇಳುವುದು ಒಳಿತು.

5. ಕೊನೆಗೆ, ಸಾಲ

ಈ ಲೆಕ್ಕವೆಲ್ಲ ಕಾಗದದ ಮೇಲೆ ಬಂದ ನಂತರವೂ ಹಣ ಸಾಲದಿದ್ದರೆ ಬ್ಯಾಂಕಿಗೆ ಹೋಗಿ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲವಿದೆ. ಅಂದಮೇಲೆ ಬಂಗಾರ ಮೊದಲ ದಾರಿಯಾಗಬೇಕಿಲ್ಲ. ಕೆಲಸ ಕಲಿಯಬೇಕೆನ್ನುವವರಿಗೆ ಉಜಿರೆಯಲ್ಲಿ 1982ರಲ್ಲಿ ಪ್ರಾರಂಭವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿಯೊಂದಿಗೆ ಉಚಿತ ತರಬೇತಿ ನೀಡುತ್ತದೆ.

ಸ್ವಂತ ಬಂಡವಾಳ ಕೂಡಿಸಲು ನಮ್ಮ ಜಿಲ್ಲೆಗಳಿಗೆ ಹಳೆಯ ದಾರಿಯೊಂದಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಪಿಗ್ಮಿ ಕಟ್ಟುವ ಕ್ರಮ ನಮ್ಮ ಸಹಕಾರಿ ಸಂಘಗಳಲ್ಲಿ ಉಳಿದಿದೆ. ದಿನಕ್ಕೆ 100 ರೂಪಾಯಿಯಂತೆ ಕಟ್ಟಿದರೆ ವರ್ಷಕ್ಕೆ 36,500. ಮೇಲೆ ಹೇಳಿದ 22,000ಕ್ಕಿಂತ ಇದು ಹೆಚ್ಚು ಎಂಬುದನ್ನು ಗಮನಿಸಿ.

ಧರ್ಮಕೇಂದ್ರಗಳ ಗುರಿಕಾರರಿಗೆ, ಸ್ವಸಹಾಯ ಸಂಘಗಳನ್ನು ನಡೆಸುವವರಿಗೆ ನಮ್ಮದೊಂದು ವಿನಂತಿ. ಉದ್ಯೋಗಕ್ಕೆ ಸಾಲ ಕೊಡಿಸಿ ಎಂದು ಯಾರಾದರೂ ಬಂದಾಗ ಶಿಫಾರಸು ಪತ್ರ ಬರೆಯುವ ಮೊದಲು ಅವರೊಂದಿಗೆ ಅರ್ಧ ಗಂಟೆ ಕುಳಿತು ಅಸಲು ಮತ್ತು ಉದ್ರಿಯ ಲೆಕ್ಕ ಹಾಕಿಸಿ. ಲೆಕ್ಕ ಕೂಡಿಬಂದರೆ ಧೈರ್ಯವಾಗಿ ಬೆಂಬಲಿಸಿ. ಕೂಡಿಬಾರದಿದ್ದರೆ ಈಗ ಬೇಡ ಎಂದು ಹೇಳುವುದು ಸಹ ಆ ಮನೆಗೆ ಮಾಡುವ ಉಪಕಾರವೇ.