ಅರ್ಧ ಸೆಕೆಂಡಿನ ವಿಳಂಬ ಬಯಲು ಮಾಡಿದ ಹಿಂಬಾಗಿಲು

ಬೆಂಗಳೂರು: 2024ರ ಮಾರ್ಚ್ 29ರಂದು ಗುಡ್ ಫ್ರೈಡೆ. ಅನೇಕ ದೇಶಗಳಲ್ಲಿ ಕಚೇರಿಗಳಿಗೆ ರಜೆ. ಭದ್ರತಾ ತಜ್ಞರು ಮಾಹಿತಿ ಹಂಚಿಕೊಳ್ಳುವ ಸಾರ್ವಜನಿಕ ವೇದಿಕೆಗೆ ಅಂದು ಬಂದ ಒಂದೇ ಒಂದು ಪತ್ರ, ರಜೆಯಲ್ಲಿದ್ದ ಸಾವಿರಾರು ಗಣಕ ತಂತ್ರಜ್ಞರನ್ನು ಮತ್ತೆ ಕೀಲಿಮಣೆಯ ಮುಂದೆ ಕೂರಿಸಿತು. ಪತ್ರ ಬರೆದವರು ಆಂಡ್ರೆಸ್ ಫ್ರಾಯಿಂಡ್. ಮೈಕ್ರೋಸಾಫ್ಟ್ ಸಂಸ್ಥೆಯ ಉದ್ಯೋಗಿ, ಪೋಸ್ಟ್‌ಗ್ರೆಸ್ ಎಂಬ ಮುಕ್ತ ದತ್ತಸಂಚಯ ತಂತ್ರಾಂಶವನ್ನು ಕಟ್ಟುವವರಲ್ಲಿ ಒಬ್ಬರು. (ಅಂದ ಹಾಗೆ, ಜರ್ಮನ್ ಭಾಷೆಯಲ್ಲಿ ಫ್ರಾಯಿಂಡ್ ಎಂದರೆ ಮಿತ್ರ!) ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯೊಳಗೆ ಯಾರೋ ಹಿಂಬಾಗಿಲೊಂದನ್ನು ಕೊರೆದಿಟ್ಟಿದ್ದಾರೆ ಎಂಬುದು ಪತ್ರದ ಸಾರ.

ತಾವು ಭದ್ರತಾ ಸಂಶೋಧಕರಲ್ಲ ಎಂದು ಫ್ರಾಯಿಂಡ್ ಆ ಪತ್ರದಲ್ಲೇ ಹೇಳಿಕೊಂಡಿದ್ದರು. ಅವರು ಮಾಡುತ್ತಿದ್ದದ್ದು ಪೋಸ್ಟ್‌ಗ್ರೆಸ್‌ನ ವೇಗವನ್ನು ಅಳೆಯುವ ಕೆಲಸ. ಅಳತೆ ನಿಖರವಾಗಿರಬೇಕಾದರೆ ಯಂತ್ರದಲ್ಲಿ ಬೇರೆ ಗದ್ದಲ ಇರಬಾರದು. ಆದರೆ ದೂರದಿಂದ ಯಂತ್ರವನ್ನು ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಸೇವೆ ಅಗತ್ಯಕ್ಕಿಂತ ಹೆಚ್ಚು ಸಂಸ್ಕಾರಕ ಶಕ್ತಿಯನ್ನು ನುಂಗುತ್ತಿತ್ತು. ಅಸ್ತಿತ್ವದಲ್ಲೇ ಇಲ್ಲದ ಬಳಕೆದಾರನ ಹೆಸರು ಕೊಟ್ಟು ಪರೀಕ್ಷಿಸಿದರು. ಮೊದಲು 0.299 ಸೆಕೆಂಡಿನಲ್ಲಿ ಬರುತ್ತಿದ್ದ ತಿರಸ್ಕಾರದ ಉತ್ತರ ಈಗ 0.807 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಅರ್ಧ ಸೆಕೆಂಡಿನ ವ್ಯತ್ಯಾಸ. ಕೆಲವು ವಾರಗಳ ಹಿಂದೆ, ತಂತ್ರಾಂಶಗಳನ್ನು ನವೀಕರಿಸಿದ ಬಳಿಕ, ಸ್ವಯಂಚಾಲಿತ ಪರೀಕ್ಷೆಯೊಂದರಲ್ಲಿ ಕಂಡಿದ್ದ ವಿಚಿತ್ರ ದೋಷಸೂಚನೆ ಅವರಿಗೆ ನೆನಪಾಯಿತು. ಎರಡನ್ನೂ ಜೋಡಿಸಿ ಎಳೆ ಹಿಡಿದು ಹೊರಟಾಗ ದಾರಿ ತಲುಪಿದ್ದು ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶಕ್ಕೆ.

ಎಕ್ಸ್‌ಝಡ್ ಎಂದರೇನು?

ಹೆಸರು ಕೇಳಿದವರು ವಿರಳ, ಬಳಸದವರೂ ವಿರಳ. ದೊಡ್ಡ ಕಡತಗಳನ್ನು ಕುಗ್ಗಿಸಿ ಸಣ್ಣದಾಗಿಸುವುದು, ಮತ್ತೆ ಹಿಗ್ಗಿಸುವುದು ಅದರ ಕೆಲಸ. ವಿಂಡೋಸ್ ಬಳಕೆದಾರರಿಗೆ ಪರಿಚಿತವಾದ ಝಿಪ್‌ನ ಸಂಬಂಧಿ ಎನ್ನಬಹುದು. ಲಿನಕ್ಸ್ ಜಗತ್ತಿನಲ್ಲಿ ತಂತ್ರಾಂಶದ ಕಂತೆಗಳು ಬಹಳಷ್ಟು ಸಲ ಈ ರೂಪದಲ್ಲೇ ಸಾಗುತ್ತವೆ. ಬ್ಯಾಂಕುಗಳು, ದೂರಸಂಪರ್ಕ ಕಂಪನಿಗಳು, ಸರ್ಕಾರಿ ಇಲಾಖೆಗಳು, ಸುದ್ದಿತಾಣಗಳು ನಡೆಯುವ ಸರ್ವರ್‌ಗಳಲ್ಲಿ ಲಿನಕ್ಸ್‌ನದೇ ದೊಡ್ಡ ಪಾಲು. ಆದುದರಿಂದ ಸ್ವಂತಕ್ಕೆ ಎಂದೂ ಲಿನಕ್ಸ್ ಮುಟ್ಟದವರ ಹಣ, ಪತ್ರ, ದಾಖಲೆಗಳು ಸಹ ನಿತ್ಯವೂ ಅದರ ಮೂಲಕವೇ ಓಡಾಡುತ್ತವೆ.

ಆ ಸರ್ವರ್‌ಗಳ ಮುಖ್ಯ ಬಾಗಿಲು ಎಸ್‌ಎಸ್‌ಎಚ್. ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞ ಸಿಂಗಪುರದ ಸರ್ವರನ್ನು ದುರಸ್ತಿ ಮಾಡುವುದು ಈ ಬಾಗಿಲಿನಿಂದಲೇ. ಇದನ್ನು ಸಿದ್ಧಪಡಿಸುವ ಓಪನ್ ಎಸ್‌ಎಸ್‌ಎಚ್ ತಂಡ ಎಚ್ಚರಕ್ಕೆ ಹೆಸರಾದದ್ದು. ಮೂಲ ತಂತ್ರಾಂಶಕ್ಕೆ ಎಕ್ಸ್‌ಝಡ್‌ನ ಹಂಗೇ ಇಲ್ಲ. ಆದರೆ ಡೆಬಿಯನ್, ಫೆಡೋರಾ ಮುಂತಾದ ವಿತರಣೆಗಳು ತಮ್ಮ ಅನುಕೂಲಕ್ಕಾಗಿ ಅದಕ್ಕೆ ಸಿಸ್ಟಮ್‌ಡಿ ಎಂಬ ಮತ್ತೊಂದು ಘಟಕವನ್ನು ಜೋಡಿಸಿದ್ದವು. ಸಿಸ್ಟಮ್‌ಡಿಯ ಗ್ರಂಥಾಲಯವು ಎಕ್ಸ್‌ಝಡ್‌ನ ಗ್ರಂಥಾಲಯವನ್ನು ತನ್ನೊಡನೆ ಎಳೆದು ತರುತ್ತಿತ್ತು. ಹೀಗೆ, ಕಡತ ಕುಗ್ಗಿಸುವ ಉಪಕರಣವೊಂದು ಯಾರ ಗಮನಕ್ಕೂ ಬಾರದಂತೆ ಮುಖ್ಯ ಬಾಗಿಲಿನ ಕಾವಲುಗಾರನ ಪಕ್ಕದಲ್ಲೇ ಹೋಗಿ ನಿಂತಿತ್ತು. ಬಲವಾದ ಬೀಗವನ್ನು ಮುರಿಯುವ ಬದಲು ಬಾಗಿಲ ಚೌಕಟ್ಟಿಗೆ ಮರ ಪೂರೈಸುವವನನ್ನು ಹುಡುಕಿಕೊಂಡು ಹೋದಂತಾಯಿತು.

ಎರಡೂವರೆ ವರ್ಷದ ತಾಳ್ಮೆ

ಈ ಪ್ರಕರಣದಲ್ಲಿ ತಂತ್ರಜ್ಞರನ್ನು ಹೆಚ್ಚು ಕಂಗೆಡಿಸಿದ್ದು ಸಂಕೇತಗಳ ಚಾತುರ್ಯವಲ್ಲ, ಅದರ ಹಿಂದಿನ ತಾಳ್ಮೆ.

ಎಕ್ಸ್‌ಝಡ್ ತಂತ್ರಾಂಶವನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್. ಸಂಬಳವಿಲ್ಲ, ಸಹಾಯಕರಿಲ್ಲ, ಬಿಡುವಿನ ವೇಳೆಯ ಹವ್ಯಾಸ. 2021ರ ಅಕ್ಟೋಬರ್‌ನಲ್ಲಿ ಜಿಯಾ ಟ್ಯಾನ್ ಎಂಬ ಹೆಸರಿನ ಒಬ್ಬಾತ ಸಣ್ಣದೊಂದು ತಿದ್ದುಪಡಿ ಕಳುಹಿಸಿದ. ನಿರುಪದ್ರವಿ ತಿದ್ದುಪಡಿ. ನಂತರ ಇನ್ನೊಂದು, ಮತ್ತೊಂದು. ಎಲ್ಲವೂ ಉಪಯುಕ್ತವಾದವೇ.

2022ರಲ್ಲಿ ಇತರ ಕೆಲವು ಹೆಸರುಗಳು ರಂಗಕ್ಕೆ ಬಂದವು. ಜಿಗರ್ ಕುಮಾರ್ ಎಂಬ ಹೆಸರಿನಲ್ಲಿ, ಡೆನ್ನಿಸ್ ಎನ್ಸ್ ಎಂಬ ಹೆಸರಿನಲ್ಲಿ ದೂರುಗಳು ಬರತೊಡಗಿದವು. ಕೆಲಸ ನಿಧಾನವಾಗುತ್ತಿದೆ, ತಿದ್ದುಪಡಿಗಳು ಕೊಳೆಯುತ್ತಿವೆ, ಆಸಕ್ತಿ ಇಲ್ಲದಿದ್ದರೆ ಹೊಣೆಯನ್ನು ಬೇರೆಯವರಿಗೆ ವಹಿಸಬಾರದೇಕೆ ಎಂಬ ಧಾಟಿಯವು. ಆ ವರ್ಷದ ಜೂನ್‌ನಲ್ಲಿ ಕಾಲಿನ್ ಉತ್ತರಿಸಿದರು. ಆಸಕ್ತಿ ಕಳೆದುಕೊಂಡಿಲ್ಲ, ಆದರೆ ದೀರ್ಘಕಾಲದ ಮಾನಸಿಕ ಆರೋಗ್ಯದ ತೊಂದರೆಯಿಂದ ಶಕ್ತಿ ಕುಂದಿದೆ, ಇದು ವೇತನವಿಲ್ಲದ ಹವ್ಯಾಸವೆಂಬುದನ್ನು ಎಲ್ಲರೂ ನೆನಪಿಡಬೇಕು ಎಂಬುದು ಅದರ ತಾತ್ಪರ್ಯ. ಜಿಯಾ ಟ್ಯಾನ್‌ಗೆ ಮುಂದೆ ಹೆಚ್ಚಿನ ಪಾತ್ರ ದೊರೆಯಬಹುದೆಂದೂ ಅವರು ಸೂಚಿಸಿದ್ದರು.

ಒಬ್ಬನು ನೆರವಿಗೆ ಬಂದಂತೆ ನಟಿಸುವುದು, ಉಳಿದವರು ಕಿರುಕುಳ ಕೊಟ್ಟು ನೆರವು ಅನಿವಾರ್ಯವೆನಿಸುವಂತೆ ಮಾಡುವುದು: ಆ ದೂರುಗಳನ್ನು ಇಂದು ಓದಿದರೆ ಹೂಟ ಎದ್ದು ಕಾಣುತ್ತದೆ. ಅಂದು ದಣಿದಿದ್ದ ಒಂಟಿ ಮನುಷ್ಯನಿಗೆ ಅದು ಕಾಣದಿದ್ದರೆ ಆತನನ್ನು ದೂರುವಂತಿಲ್ಲ. ದೂರು ಬರೆದ ಹೆಸರುಗಳು ಮುಂದೆ ಸದ್ದಿಲ್ಲದೆ ಮರೆಯಾದವು. 2023ರ ಹೊತ್ತಿಗೆ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಅಧಿಕಾರ ಜಿಯಾ ಟ್ಯಾನ್ ಕೈಯಲ್ಲಿತ್ತು. ಕುರಿ ಕಾಯಲು ತೋಳವೇ ನೇಮಕಗೊಂಡಿತ್ತು.

ಹೆಸರು ಚೀನೀಯರದಂತೆ ಇದೆ, ಇನ್ನೊಂದು ಭಾರತೀಯರದಂತೆ ಇದೆ ಎಂಬುದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಅವು ಮುಖವಾಡಗಳೆಂದೇ ಪರಿಣತರ ಅಭಿಪ್ರಾಯ. ಇಷ್ಟು ದೀರ್ಘ ಸಿದ್ಧತೆಯನ್ನು ಕಂಡು ಯಾವುದೋ ಸರ್ಕಾರದ ಬೆಂಬಲ ಇದ್ದಿರಬೇಕೆಂದು ಹಲವರು ಶಂಕಿಸಿದ್ದಾರಾದರೂ ಅದು ಸಾಬೀತಾಗಿಲ್ಲ.

ವಿಷ ಇಟ್ಟ ಜಾಗ

ಮುಕ್ತ ತಂತ್ರಾಂಶದ ಆಕರ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಹಾಗಿದ್ದ ಮೇಲೆ ಇಂಥದನ್ನು ಅಡಗಿಸಿದ್ದಾದರೂ ಹೇಗೆ?

ಕುಗ್ಗಿಸುವ ತಂತ್ರಾಂಶವು ಹಾಳಾದ ಕಡತ ಬಂದಾಗ ಎಡವದೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು, ಬೇಕೆಂದೇ ಕೆಡಿಸಿದ ಕಡತಗಳನ್ನು ಜೊತೆಯಲ್ಲಿ ಇಟ್ಟಿರುತ್ತಾರೆ. ಅವುಗಳಲ್ಲಿ ಇರುವುದು ಅರ್ಥವಿಲ್ಲದ ಅಕ್ಷರರಾಶಿ. ಯಾರೂ ಬಿಡಿಸಿ ಓದುವುದಿಲ್ಲ. ವಿಷವನ್ನು ಬಚ್ಚಿಟ್ಟದ್ದು ಅಲ್ಲೇ. ಅದನ್ನು ಹೊರತೆಗೆದು ಜೀವ ಕೊಡುವ ಸಾಲು ಸಾರ್ವಜನಿಕ ಸಂಕೇತ ಭಂಡಾರದಲ್ಲಿ ಇರಲಿಲ್ಲ. ವಿತರಣೆಗಳಿಗೆಂದು ಪ್ರತ್ಯೇಕವಾಗಿ ಕಟ್ಟಿಕೊಟ್ಟ ಕಂತೆಯಲ್ಲಿ ಮಾತ್ರ ಇತ್ತು. ಭಂಡಾರವನ್ನು ಓದಿದವರಿಗೆ ಎಲ್ಲವೂ ಶುದ್ಧ. ಕಂತೆಯನ್ನು ಬಳಸಿದವರಿಗೆ ವಿಷ. ಇಷ್ಟಕ್ಕೂ ಅದು ಎಲ್ಲೆಡೆ ಜಾಗೃತವಾಗುತ್ತಿರಲಿಲ್ಲ. ಇಂಟೆಲ್ ಮಾದರಿಯ 64 ಬಿಟ್ ಲಿನಕ್ಸ್ ಯಂತ್ರದಲ್ಲಿ, ಡೆಬಿಯನ್ ಅಥವಾ ರೆಡ್ ಹ್ಯಾಟ್ ಬಗೆಯ ಕಂತೆಯಾಗಿ ಕಟ್ಟಿದಾಗ ಮಾತ್ರ ಎಚ್ಚರಗೊಳ್ಳುತ್ತಿತ್ತು.

ಎಚ್ಚರಗೊಂಡ ಬಳಿಕ ಅದು ಎಸ್‌ಎಸ್‌ಎಚ್ ಸೇವೆ ಗುರುತು ಪರಿಶೀಲಿಸುವ ಹಂತದಲ್ಲೇ ಅಡ್ಡ ನಿಲ್ಲುತ್ತಿತ್ತು. ನಿರ್ದಿಷ್ಟ ಗುಪ್ತ ಕೀಲಿ ಉಳ್ಳವನು ಬಂದರೆ, ಗುಪ್ತಪದ ಕೇಳದೆಯೇ ಆತನ ಆಜ್ಞೆಗಳನ್ನು ಯಂತ್ರ ಪಾಲಿಸುತ್ತಿತ್ತು. ಬೇರೆ ಕನ್ನಗಾರರಿಗೆ ಈ ಬಾಗಿಲಿನಿಂದ ಪ್ರಯೋಜನವಿರಲಿಲ್ಲ. ಕೀಲಿ ಇದ್ದದ್ದು ಅದನ್ನು ನಿರ್ಮಿಸಿದವರಲ್ಲಿ ಮಾತ್ರ.

ವಿಷಪೂರಿತ 5.6.0 ಆವೃತ್ತಿ ಹೊರಬಂದದ್ದು 2024ರ ಫೆಬ್ರವರಿ 24ರಂದು. ಅದರಿಂದ ಎದ್ದ ದೋಷಸೂಚನೆಗಳನ್ನು ಮುಚ್ಚಿಹಾಕಲು ಮಾರ್ಚ್ 9ರಂದು 5.6.1 ಬಂತು. ಹೊಸ ಆವೃತ್ತಿಯನ್ನು ಬೇಗ ಸೇರಿಸಿಕೊಳ್ಳಿ ಎಂದು ವಿತರಣೆಗಳ ಮೇಲೆ ಒತ್ತಡವೂ ಬಂತು. ಆ ದಿನಗಳಲ್ಲೇ ಸಿಸ್ಟಮ್‌ಡಿ ತಂಡ ಎಕ್ಸ್‌ಝಡ್‌ನೊಂದಿಗಿನ ನಂಟನ್ನು ಸಡಿಲಿಸುವ ಬದಲಾವಣೆಯನ್ನು ಕೈಗೆತ್ತಿಕೊಂಡಿತ್ತು. ಅದು ಜಾರಿಗೆ ಬಂದರೆ ವರ್ಷಗಳ ಶ್ರಮ ನೀರುಪಾಲಾಗುತ್ತದೆಂಬ ಆತಂಕವೇ ದಾಳಿಕೋರರ ಅವಸರಕ್ಕೆ, ಆ ಅವಸರವೇ ಅರ್ಧ ಸೆಕೆಂಡಿನ ಎಡವಟ್ಟಿಗೆ ಕಾರಣವಾಗಿರಬಹುದೆಂಬ ಊಹೆ ಇದೆ.

ರಜೆಯ ದಿನದ ದುರಸ್ತಿ

ಪತ್ರ ಪ್ರಕಟವಾದ ದಿನವೇ ಲೋಪಕ್ಕೆ ಸಿವಿಇ-2024-3094 ಎಂಬ ಗುರುತು ಸಂಖ್ಯೆ ದೊರೆಯಿತು. ತೀವ್ರತೆ 10ಕ್ಕೆ 10. ಗಿಟ್‌ಹಬ್ ತಾಣ ಇಡೀ ಯೋಜನೆಯನ್ನೇ ತಾತ್ಕಾಲಿಕವಾಗಿ ಮುಚ್ಚಿತು. ಸೋಂಕಿತ ಆವೃತ್ತಿ ತಲುಪಿದ್ದು ಫೆಡೋರಾ ರಾಹೈಡ್, ಡೆಬಿಯನ್‌ನ ಪರೀಕ್ಷಾರ್ಥ ಶಾಖೆಗಳು, ಓಪನ್‌ಸೂಸೆ ಟಂಬಲ್‌ವೀಡ್, ಕಾಲಿ ಲಿನಕ್ಸ್ ಮುಂತಾದ ಹೊಸತನದ ವಿತರಣೆಗಳನ್ನು. ಬ್ಯಾಂಕು, ಕಚೇರಿಗಳು ನೆಚ್ಚುವ ಡೆಬಿಯನ್‌ನ ಸ್ಥಿರ ಆವೃತ್ತಿ, ರೆಡ್ ಹ್ಯಾಟ್ ಎಂಟರ್‌ಪ್ರೈಸ್, ಆಗಾಗಲೇ ಬಳಕೆಯಲ್ಲಿದ್ದ ಉಬುಂಟು ಆವೃತ್ತಿಗಳನ್ನು ಅದು ಇನ್ನೂ ಮುಟ್ಟಿರಲಿಲ್ಲ. ಉಬುಂಟು 24.04ರ ಪ್ರಾಯೋಗಿಕ ಬಿಡುಗಡೆಯನ್ನು ಒಂದು ವಾರ ಮುಂದೂಡಿ, ಕಂತೆಗಳನ್ನು ಹೊಸದಾಗಿ ಕಟ್ಟಲಾಯಿತು.

ತಂತ್ರಜ್ಞರ ಕೆಲಸ ಸರಳವಾಗಿತ್ತು, ಆದರೆ ಬೇಸರದ್ದು. ಪ್ರತಿ ಯಂತ್ರದಲ್ಲೂ ಎಕ್ಸ್‌ಝಡ್‌ನ ಆವೃತ್ತಿ ಯಾವುದೆಂದು ನೋಡುವುದು, 5.6.0 ಅಥವಾ 5.6.1 ಇದ್ದರೆ ಹಳೆಯದಕ್ಕೆ ಮರಳುವುದು, ಅಂತರ್ಜಾಲಕ್ಕೆ ತೆರೆದಿದ್ದ ಯಂತ್ರವಾದರೆ ನಂಬದೆ ಎಲ್ಲವನ್ನೂ ಹೊಸದಾಗಿ ಅನುಸ್ಥಾಪಿಸುವುದು. ಇಲ್ಲೊಂದು ತಮಾಷೆಯೂ ನಡೆಯಿತು. ಸಂಖ್ಯೆ ದೊಡ್ಡದಾಗಿದ್ದರೆ ಮಾತ್ರ ನವೀಕರಣ ಎಂದು ಯಂತ್ರಗಳು ಒಪ್ಪುತ್ತವೆ. ಹಿಂದಕ್ಕೆ ಹೋಗುವುದು ಅವಕ್ಕೆ ತಿಳಿಯದು. ಹಾಗಾಗಿ ಡೆಬಿಯನ್ ತಂಡ ಹಳೆಯ ಆವೃತ್ತಿಗೆ ‘5.6.1+ರಿಯಲಿ5.4.5’ ಎಂದು ಹೆಸರಿಟ್ಟು ಕಳುಹಿಸಿತು. ಹೆಸರಿಗೆ 5.6.1, ನಿಜಕ್ಕೂ 5.4.5!

ಮುಕ್ತ ತಂತ್ರಾಂಶ ಸುರಕ್ಷಿತವೇ?

ಪ್ರಕರಣದ ಬೆನ್ನಲ್ಲೇ ಎರಡು ಬಣಗಳು ಹುಟ್ಟಿಕೊಂಡವು. ಯಾರು ಬೇಕಾದರೂ ಒಳನುಗ್ಗಬಹುದಾದ ತಂತ್ರಾಂಶವನ್ನು ನಂಬುವುದು ಹೇಗೆ ಎಂದಿತು ಒಂದು. ಬಯಲಲ್ಲಿ ಇದ್ದದ್ದರಿಂದಲೇ ಸಿಕ್ಕಿಬಿತ್ತು ಎಂದಿತು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯ ಮಾತ್ರ ಇದೆ. ಫ್ರಾಯಿಂಡ್ ಎಳೆ ಹಿಡಿದು ಕೊನೆಯವರೆಗೆ ಹೋಗಲು ಸಾಧ್ಯವಾದದ್ದು ಎಲ್ಲ ಪದರಗಳೂ ಬಿಚ್ಚಿ ನೋಡಲು ಸಿಕ್ಕಿದ್ದರಿಂದ, ನಿಜ. ಆದರೆ ಅವರು ಆ ವಾರ ವೇಗ ಅಳೆಯದೆ ಇದ್ದಿದ್ದರೆ? ‘ಸಾವಿರ ಕಣ್ಣುಗಳು ನೋಡುತ್ತಿವೆ’ ಎಂಬ ಭರವಸೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರೆಂಬುದೂ ಅಷ್ಟೇ ನಿಜ.

ಇದು ಹೊಸ ಕಥೆಯೂ ಅಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ಲೋಪ ಹೊರಬಿದ್ದಾಗ, ಜಗತ್ತಿನ ಅರ್ಥವಹಿವಾಟನ್ನು ಕಾಯುತ್ತಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿದು ಎಲ್ಲರೂ ಬೆರಗಾಗಿದ್ದರು. ಬೆರಗು ಕರಗಲು ಬಹಳ ದಿನ ಬೇಕಾಗಲಿಲ್ಲ. ಎಕ್ಸ್‌ಝಡ್ ಸಂಗತಿಯಲ್ಲಿ ಕೊಳ್ಳೆಯಾಗಿದ್ದು ಸಂಕೇತವಲ್ಲ, ಸಂಬಳವಿಲ್ಲದೆ ದುಡಿಯುತ್ತಿದ್ದ ಒಬ್ಬನ ದಣಿವು. ಆತನ ದುಡಿಮೆಯ ಮೇಲೆ ಕೋಟಿಗಟ್ಟಲೆ ವಹಿವಾಟು ನಡೆಸುತ್ತಿದ್ದ ಕಂಪನಿಗಳಿಗೆ ಆ ಹೆಸರೇ ಗೊತ್ತಿರಲಿಲ್ಲ.

ಕೆಲವೆಡೆ ಕಣ್ಣು ತೆರೆದ ಲಕ್ಷಣಗಳಿವೆ. ಜರ್ಮನ್ ಸರ್ಕಾರ 2022ರಲ್ಲೇ ಇಂಥ ಮೂಲಭೂತ ತಂತ್ರಾಂಶಗಳಿಗೆಂದು ನಿಧಿಯೊಂದನ್ನು ಆರಂಭಿಸಿತ್ತು. ಬೆಂಗಳೂರಿನ ಷೇರು ವಹಿವಾಟು ಸಂಸ್ಥೆ ಝೆರೋಧಾ 2024ರ ಅಕ್ಟೋಬರ್‌ನಲ್ಲಿ ‘ಫ್ಲಾಸ್ ಫಂಡ್’ ಹೆಸರಿನಲ್ಲಿ ವಿಶ್ವದ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವುದಾಗಿ ಪ್ರಕಟಿಸಿತು. ಮುಕ್ತ ತಂತ್ರಾಂಶದ ಮೇಲೆ ಉದ್ಯಮ ಕಟ್ಟಿದ ಕಂಪನಿಗಳಿಗೆ ಬೆಂಗಳೂರಿನಲ್ಲಿ ಕೊರತೆಯೇನಿಲ್ಲ. ಅವುಗಳಲ್ಲಿ ಎಷ್ಟು ಈ ಹಾದಿ ಹಿಡಿಯುತ್ತವೆಂದು ನೋಡಬೇಕು.

ನವೀಕರಣ ನಿಲ್ಲಿಸಬೇಕೆ?

ವಿಷ ಬಂದದ್ದು ನವೀಕರಣದ ಮೂಲಕವಾದ್ದರಿಂದ, ನವೀಕರಣವನ್ನೇ ನಿಲ್ಲಿಸಿಬಿಡುವುದು ಲೇಸೆಂದು ಕೆಲವರಿಗೆ ತೋರಬಹುದು. ಅದು ನೆಗಡಿಯೆಂದು ಮೂಗು ಕೊಯ್ದುಕೊಂಡಂತೆ. 2017ರ ಮೇ 12ರಂದು ಜಗತ್ತಿನಾದ್ಯಂತ ವಿಂಡೋಸ್ ಗಣಕಗಳನ್ನು ಒತ್ತೆಯಿಟ್ಟ ‘ವಾನ್ನಾಕ್ರೈ’ಗೆ ಮದ್ದು ಅದೇ ವರ್ಷದ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅದನ್ನು ಹಾಕಿಕೊಳ್ಳದವರು. ಸಣ್ಣ ಕಚೇರಿ, ಮಳಿಗೆಗಳಲ್ಲಿ ಲಿನಕ್ಸ್ ಬಳಸುವವರು ಸ್ಥಿರ ಆವೃತ್ತಿಯನ್ನೇ ಆರಿಸಿಕೊಂಡು ಭದ್ರತಾ ನವೀಕರಣವನ್ನು ಸ್ವಯಂಚಾಲಿತವಾಗಿ ಇಡುವುದು ಸೂಕ್ತ. ಎಸ್‌ಎಸ್‌ಎಚ್ ಬಾಗಿಲನ್ನು ಇಡೀ ಅಂತರ್ಜಾಲಕ್ಕೆ ತೆರೆದಿಡದೆ, ಗೊತ್ತಿರುವ ವಿಳಾಸಗಳಿಗೆ ಅಥವಾ ಖಾಸಗಿ ಸುರಂಗ ಸಂಪರ್ಕಕ್ಕೆ ಸೀಮಿತಗೊಳಿಸಬೇಕು. ಎಕ್ಸ್‌ಝಡ್‌ನಂಥ ಹಿಂಬಾಗಿಲು ಇದ್ದರೂ, ಅಂಗಳಕ್ಕೇ ಬಾರದವನಿಗೆ ಅದು ತೆರೆಯದು.

2024ರ ಏಪ್ರಿಲ್‌ನಲ್ಲಿ ಜಾವಾಸ್ಕ್ರಿಪ್ಟ್ ಯೋಜನೆಗಳನ್ನು ಪೋಷಿಸುವ ಓಪನ್‌ಜೆಎಸ್ ಪ್ರತಿಷ್ಠಾನವು, ತಮ್ಮನ್ನು ನಿರ್ವಾಹಕರನ್ನಾಗಿ ನೇಮಿಸಿಕೊಳ್ಳುವಂತೆ ಅಪರಿಚಿತರಿಂದ ಅದೇ ಧಾಟಿಯ ಒತ್ತಾಯದ ಪತ್ರಗಳು ತನಗೂ ಬಂದಿದ್ದವೆಂದು ಎಚ್ಚರಿಸಿತು. ಅವರಿಗೆ ಯಾವ ಅಧಿಕಾರವನ್ನೂ ನೀಡಿರಲಿಲ್ಲ. ಕಾಲಿನ್ ಯೋಜನೆಯ ಹೊಣೆಯನ್ನು ಮತ್ತೆ ಹೊತ್ತು, ಜಿಯಾ ಟ್ಯಾನ್ ಮುಟ್ಟಿದ್ದನ್ನೆಲ್ಲ ಪರಿಶೀಲಿಸಿ, ಹಿಂಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿಯನ್ನು 2024ರ ಮೇ 29ರಂದು ಬಿಡುಗಡೆ ಮಾಡಿದರು.